ಮೂರನೇ ನೆಪೋಲಿಯನ್ನನ ಚಿನ್ನ-ಬೆಳ್ಳಿ ನಾಣ್ಯ: ಗುರುತಿಸುವುದು, ತೂಗುವುದು, ಕೊಳ್ಳುವುದು

ಫ್ರಾನ್ಸಿನ ಹಳೆಯ ನಾಣ್ಯ ಕೂಡಿಸಬೇಕು ಅಂತ ಹೊರಟವರಿಗೆ ಮೊದಲು ಎದುರಾಗುವ ಮುಖಗಳಲ್ಲಿ ಮೂರನೇ ನೆಪೋಲಿಯನ್ನನದೂ ಒಂದು. ಮೇಣ ಹಚ್ಚಿ ಚೂಪು ಮಾಡಿದ ಮೀಸೆ, ಗದ್ದದ ತುದಿಯಲ್ಲಿ ಒಂದಿಷ್ಟು ಗಡ್ಡ. 1852ರ ಡಿಸೆಂಬರ್ 2ರಂದು ಚಕ್ರವರ್ತಿಯಾದ, 1870ರ ಸೆಪ್ಟೆಂಬರಿನಲ್ಲಿ ಸೆಡಾನ್‌ನಲ್ಲಿ ಜರ್ಮನರ ಕೈಗೆ ಸೆರೆ ಸಿಕ್ಕ. ನಡುವಿನ ಈ ಹದಿನೆಂಟು ವರ್ಷದಲ್ಲಿ ಟಂಕಿಸಿದ ನಾಣ್ಯ ಎಷ್ಟಿದೆಯೆಂದರೆ ಇವತ್ತಿಗೂ ಯುರೋಪಿನ ಅಂಗಡಿಗಳಲ್ಲಿ ದಂಡಿಯಾಗಿ ಸಿಗುತ್ತದೆ. ಹೊಸಬರಿಗೆ ಇದು ಒಳ್ಳೆಯದೇ. ಆದರೆ ದಂಡಿಯಾಗಿ ಸಿಗುವುದನ್ನೂ ಅಪರೂಪದ ಬೆಲೆಗೆ ಮಾರುವವರು ಇರುತ್ತಾರೆ, ಅಲ್ವಾ? ಅದಕ್ಕೇ ನಾಣ್ಯವನ್ನು ಒಂದು ಕ್ರಮದಲ್ಲಿ ನೋಡುವುದು ಕಲಿಯಬೇಕು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಮಿಲಿಮೀಟರ್ ಅಳೆಯುವ ಕ್ಯಾಲಿಪರ್, ಒಂದು ಲೋಟ ನೀರು, ಒಂದೆಳೆ ದಾರ.

1. ಇದು ಯಾವ ನೆಪೋಲಿಯನ್?

ಮೊದಲು ಗಡ್ಡ ನೋಡಿ. ಗಡ್ಡ-ಮೀಸೆ ಇಲ್ಲದ ನುಣುಪು ಮುಖವಾದರೆ ಅದು ದೊಡ್ಡಪ್ಪ, ಅಂದರೆ ಮೊದಲನೇ ನೆಪೋಲಿಯನ್. ಅವನ 20 ಫ್ರಾಂಕ್ ಚಿನ್ನದ ನಾಣ್ಯವೂ ಇದೇ ತೂಕದ್ದು, ಹಾಗಾಗಿ ತಕ್ಕಡಿ ನಿಮಗೆ ಇಬ್ಬರ ವ್ಯತ್ಯಾಸ ಹೇಳುವುದಿಲ್ಲ. ಗಡ್ಡ-ಮೀಸೆ ಇದ್ದರೆ ತಮ್ಮನ ಮಗ, ನಮ್ಮ ಮೂರನೆಯವನು. ಹೆಸರಿನ ಪಕ್ಕ ಮೂರು ನಿಂತ ಗೆರೆ ಇರುತ್ತದೆ. ಎರಡನೆಯವನ ನಾಣ್ಯ ಎಲ್ಲಿ ಅಂತ ಹುಡುಕಬೇಡಿ. ಮೊದಲನೆಯವನ ಮಗನಿಗೆ ಆ ಸಂಖ್ಯೆ ಬಿಟ್ಟುಕೊಟ್ಟರು, ಆದರೆ ಅವನು ನಿಜವಾಗಿ ಆಳಲೇ ಇಲ್ಲ.

1852ರ ನಾಣ್ಯ ಕೈಗೆ ಬಂದರೆ ಸ್ವಲ್ಪ ನಿಲ್ಲಿ. ಅದರಲ್ಲಿ ಇದೇ ಮುಖ ಇದೆ, ಆದರೆ ಹೆಸರು 'ಲೂಯಿ ನೆಪೋಲಿಯನ್ ಬೋನಾಪಾರ್ಟ್', ಹಿಂಬದಿಯಲ್ಲಿ 'ಫ್ರೆಂಚ್ ಗಣರಾಜ್ಯ' ಎಂಬ ಬರಹ. ಆಗ ಅವನು ಇನ್ನೂ ಅಧ್ಯಕ್ಷ. ಚುನಾಯಿತ ಅಧ್ಯಕ್ಷನೊಬ್ಬ ತನ್ನ ಮುಖವನ್ನು ನಾಣ್ಯಕ್ಕೆ ಹಾಕಿಸಿಕೊಂಡಾಗಲೇ ಜನಕ್ಕೆ ಮುಂದಿನದು ಹೊಳೆದಿರಬೇಕು. 1853ರಿಂದ ಮನೆತನದ ಹೆಸರು ಹೋಯಿತು, 'ಚಕ್ರವರ್ತಿ' ಬಂತು, ಹಿಂಬದಿಯ ಗಣರಾಜ್ಯ 'ಫ್ರೆಂಚ್ ಸಾಮ್ರಾಜ್ಯ' ಆಯಿತು. ನನ್ನನ್ನು ಕೇಳಿದರೆ ಇಡೀ ಸಂಗ್ರಹದಲ್ಲಿ 1852 ಮತ್ತು 1853ರ ಎರಡು ನಾಣ್ಯ ಅಕ್ಕಪಕ್ಕ ಇಟ್ಟಷ್ಟು ಮಜಾ ಬೇರೆ ಯಾವ ಜೋಡಿಯಲ್ಲೂ ಇಲ್ಲ.

2. ತಲೆಯ ಮೇಲೆ ಏನಿದೆ, ಮುಖ ಯಾವ ಕಡೆಗಿದೆ?

ಇವನ ನಾಣ್ಯಗಳಲ್ಲಿ ಎರಡು ಕಾಲ. 1860ರವರೆಗೆ ಬರಿತಲೆ, ಬಾಚಿದ ಕೂದಲು ಮಾತ್ರ. 1861ರಿಂದ ಒಂದೊಂದಾಗಿ ಲಾರೆಲ್ ಎಲೆಯ ಮಾಲೆ ತಲೆಗೇರಿತು. 1859ರಲ್ಲಿ ಇಟಲಿಯ ಮಜೆಂಟಾ ಮತ್ತು ಸೋಲ್ಫೆರಿನೋದಲ್ಲಿ ಅವನ ಸೈನ್ಯ ಆಸ್ಟ್ರಿಯಾವನ್ನು ಸೋಲಿಸಿತ್ತು. ಗೆದ್ದವನಿಗೆ ಮಾಲೆ, ರೋಮನ್ನರ ಕಾಲದ ಹಾಗೆ. ಬರಿತಲೆಯ ಅಚ್ಚು ಕೆತ್ತಿದವನು ಟಂಕಸಾಲೆಯ ಮುಖ್ಯ ಕೆತ್ತನೆಗಾರ ಝಾಕ್ ಝಾನ್ ಬಾರ್. 1855ರಲ್ಲಿ ಅವನ ಮಗ ಆಲ್ಬೇರ್ ಬಾರ್ ಆ ಜಾಗಕ್ಕೆ ಬಂದ. ಮಾಲೆಯ ತಲೆ ಮಗನ ಕೆಲಸ. ಕತ್ತಿನ ಬಳಿ ಇರುವ ಸಹಿ ಮಾತ್ರ ಎರಡರಲ್ಲೂ ಬರೀ 'ಬಾರ್'.

ಇನ್ನೊಂದು ಗುರುತು ಬಹಳ ಕೆಲಸಕ್ಕೆ ಬರುತ್ತದೆ. ಚಿನ್ನದ ನಾಣ್ಯದಲ್ಲಿ ಮುಖ ನಮ್ಮ ಬಲಕ್ಕೆ ತಿರುಗಿದೆ, ಬೆಳ್ಳಿಯಲ್ಲಿ ಎಡಕ್ಕೆ. ಯಾರೋ ಬೆಳ್ಳಿ ನಾಣ್ಯಕ್ಕೆ ಚಿನ್ನದ ನೀರು ಹಾಕಿ ತಂದರೆ ತಕ್ಕಡಿ ತೆಗೆಯುವ ಮೊದಲೇ ಗೊತ್ತಾಗುತ್ತದೆ. ಹಳದಿ ಮಿಂಚುವ ನಾಣ್ಯದಲ್ಲಿ ಸಾಹೇಬರು ಎಡಕ್ಕೆ ನೋಡುತ್ತಿದ್ದರೆ ಸುಮ್ನೆ ವಾಪಸ್ ಕೊಟ್ಟುಬಿಡಿ.

ಹಿಂಬದಿ ಮುಖಬೆಲೆಯ ಪ್ರಕಾರ ಬದಲಾಗುತ್ತದೆ. 20 ಫ್ರಾಂಕ್ ಚಿನ್ನದಲ್ಲಿ ಬರಿತಲೆ ಇದ್ದರೆ ಹಿಂದೆ ಎಲೆಬಳ್ಳಿಯ ಸುತ್ತು, ನಡುವೆ ಬೆಲೆ ಮತ್ತು ಇಸವಿ. ಮಾಲೆಯ ತಲೆ ಇದ್ದರೆ ಹಿಂದೆ ಸಾಮ್ರಾಜ್ಯದ ಲಾಂಛನ: ಹದ್ದಿನ ಗುರಾಣಿ, ಅದರ ಹಿಂದೆ ಅಡ್ಡಡ್ಡ ಇಟ್ಟ ರಾಜದಂಡಗಳು, ಸುತ್ತ ನಿಲುವಂಗಿ, ಮೇಲೆ ಕಿರೀಟ. ಒಂದರ ತಲೆಗೆ ಇನ್ನೊಂದರ ಹಿಂಬದಿ ಕೂಡಿಸಿದ 20 ಫ್ರಾಂಕ್ ಕಂಡರೆ ಅದು ನಕಲಿ. ಈ ನಿಯಮವನ್ನು ಎಲ್ಲಕ್ಕೂ ಹಚ್ಚಬೇಡಿ. 50 ಮತ್ತು 100 ಫ್ರಾಂಕ್ ಚಿನ್ನ ಹಾಗೂ 5 ಫ್ರಾಂಕ್ ಬೆಳ್ಳಿಯಲ್ಲಿ ಎರಡೂ ಕಾಲದಲ್ಲೂ ಲಾಂಛನವೇ ಇದೆ.

3. ತೂಗಿ, ಅಳೆಯಿರಿ

ಚಿನ್ನವೆಲ್ಲ ಸಾವಿರಕ್ಕೆ 900 ಭಾಗ ಶುದ್ಧ, ಉಳಿದದ್ದು ಮುಖ್ಯವಾಗಿ ತಾಮ್ರ. ನಮ್ಮ ಲೆಕ್ಕದಲ್ಲಿ 21.6 ಕ್ಯಾರಟ್. ಹೊಸ ನಾಣ್ಯದ ತೂಕ ಹೀಗೆ:

5 ಫ್ರಾಂಕ್: 1.61 ಗ್ರಾಂ
10 ಫ್ರಾಂಕ್: 3.23 ಗ್ರಾಂ
20 ಫ್ರಾಂಕ್: 6.45 ಗ್ರಾಂ, ಅಗಲ 21 ಮಿ.ಮೀ.
50 ಫ್ರಾಂಕ್: 16.13 ಗ್ರಾಂ, ಅಗಲ 28 ಮಿ.ಮೀ.
100 ಫ್ರಾಂಕ್: 32.26 ಗ್ರಾಂ, ಅಗಲ 35 ಮಿ.ಮೀ.

ಚಿಕ್ಕವೆರಡರ ಅಗಲ ಬಿಟ್ಟದ್ದು ಬೇಕೆಂದೇ. 1854 ಮತ್ತು 1855ರಲ್ಲಿ 5 ಫ್ರಾಂಕ್ ಸುಮಾರು 14 ಮಿ.ಮೀ. ಮಾತ್ರ ಅಗಲವಿತ್ತು, 10 ಫ್ರಾಂಕ್ ಸುಮಾರು 17. ಆಮೇಲೆ ತೂಕ ಹಾಗೇ ಇಟ್ಟು ಅಗಲ ಹೆಚ್ಚಿಸಿದರು. 5 ಫ್ರಾಂಕ್ ಸುಮಾರು 17ಕ್ಕೆ ಬಂತು, 10 ಫ್ರಾಂಕ್ 19ಕ್ಕೆ. ಅಂದರೆ ಹಳೆಯ 10 ಮತ್ತು ಹೊಸ 5 ಹೆಚ್ಚುಕಡಿಮೆ ಒಂದೇ ಅಗಲ! ಕಣ್ಣಳತೆಯನ್ನು ನಂಬಬೇಡಿ, ತೂಗಿ.

20 ಫ್ರಾಂಕ್‌ನಲ್ಲಿ ಅಪ್ಪಟ ಚಿನ್ನ 5.81 ಗ್ರಾಂ ಇದೆ. ನಮ್ಮ ಮನೆಗಳಲ್ಲಿ ಕೆಲವರ ಬಳಿ ಇರುವ ಬ್ರಿಟಿಷ್ ಸವರನ್ನಿನಲ್ಲಿ 7.32 ಗ್ರಾಂ. ಎರಡೂ ನೋಡಲು ಸುಮಾರು ಒಂದೇ ಗಾತ್ರ ಅನ್ನಿಸುತ್ತದೆ. ಹಾಗಂತ ಸವರನ್ ಲೆಕ್ಕದಲ್ಲಿ ಇದನ್ನು ಕೊಂಡರೆ ಕೈ ಸುಡುತ್ತದೆ.

ಬೆಳ್ಳಿಯ ತೂಕ ನೆನಪಿಡುವುದು ಇನ್ನೂ ಸುಲಭ. ಒಂದು ಫ್ರಾಂಕಿಗೆ (ಅಂದರೆ ನೂರು ಸಾಂತೀಮಿಗೆ) 5 ಗ್ರಾಂ, ಅಷ್ಟೇ. 20 ಸಾಂತೀಮ್ 1 ಗ್ರಾಂ, 50 ಸಾಂತೀಮ್ 2.5, 2 ಫ್ರಾಂಕ್ 10, 5 ಫ್ರಾಂಕ್ 25 ಗ್ರಾಂ. ದೊಡ್ಡದರ ಅಗಲ 37 ಮಿ.ಮೀ., 1 ಫ್ರಾಂಕ್ 23.

4. ಬೆಳ್ಳಿಯ ಶುದ್ಧತೆ: ಇಸವಿ ನೋಡಿಯೇ ಹೇಳಬಹುದು

ಬಹಳ ಜನ ಚಿನ್ನಕ್ಕೆ ಬಾಯಿ ಬಿಡುತ್ತಾರೆ. ಚಿನ್ನ ಇರಲಿ, ಅದಕ್ಕೆ ಬೆಲೆ ಇದೆ. ಆದರೆ ಕಥೆ ಇರುವುದು ಬೆಳ್ಳಿಯಲ್ಲಿ.

ಮೊದಲು ಒಂದು ಲೆಕ್ಕ ಮಾಡಿ. 5 ಫ್ರಾಂಕ್ ಬೆಳ್ಳಿ ನಾಣ್ಯದಲ್ಲಿ ಶುದ್ಧ ಬೆಳ್ಳಿ 22.5 ಗ್ರಾಂ. 5 ಫ್ರಾಂಕ್ ಚಿನ್ನದಲ್ಲಿ ಶುದ್ಧ ಚಿನ್ನ ಸುಮಾರು 1.45 ಗ್ರಾಂ. ಭಾಗಿಸಿದರೆ 15.5 ಬರುತ್ತದೆ. 1803ರ ಕಾನೂನು ಕಟ್ಟಿಕೊಟ್ಟ ಅನುಪಾತ ಇದೇ: ಒಂದು ಪಾಲು ಚಿನ್ನಕ್ಕೆ ಹದಿನೈದೂವರೆ ಪಾಲು ಬೆಳ್ಳಿ. ಸರ್ಕಾರದ ಕಾಗದದಲ್ಲಿ ಇದು ಅಲುಗಲಿಲ್ಲ. ಪೇಟೆಯಲ್ಲಿ ಅಲುಗಿತು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1851ರಲ್ಲಿ ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿತು. ಚಿನ್ನ ಯುರೋಪಿಗೆ ಹರಿದು ಬಂದು ಬೆಳ್ಳಿಯೆದುರು ಸ್ವಲ್ಪ ಅಗ್ಗವಾಯಿತು. ಆಗ ಬೆಳ್ಳಿಯ 5 ಫ್ರಾಂಕ್ ನಾಣ್ಯದಲ್ಲಿರುವ ಲೋಹದ ಬೆಲೆ ಅದರ ಮುಖಬೆಲೆಗಿಂತ ಮೇಲಾಯಿತು. ವ್ಯಾಪಾರಿಗಳು ಬಿಡುತ್ತಾರೆಯೇ? ಚಿನ್ನ ಕೊಟ್ಟು ಬೆಳ್ಳಿ ನಾಣ್ಯ ಹೆಕ್ಕಿದರು, ಕರಗಿಸಿದರು, ಹಡಗು ಹತ್ತಿಸಿದರು.

ಹಡಗು ಹೋದದ್ದು ಪೂರ್ವಕ್ಕೆ, ಅದರಲ್ಲಿ ದೊಡ್ಡ ಪಾಲು ಇಂಡಿಯಾಕ್ಕೆ. ಇಲ್ಲಿ ಹಣವೆಂದರೆ ಬೆಳ್ಳಿ ರೂಪಾಯಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಯುರೋಪಿನ ಗಿರಣಿಗಳು ಇಂಡಿಯಾದ ಹತ್ತಿಗೆ ಮುಗಿಬಿದ್ದವು. ಅಮೆರಿಕದ ಬೀಜದಿಂದ ಧಾರವಾಡ ಸೀಮೆಯಲ್ಲಿ ಬೆಳೆಯುತ್ತಿದ್ದ ಹತ್ತಿಗೂ ಆಗ ಬಂಗಾರದ ಬೆಲೆ. ಆ ಹತ್ತಿಯ ಹಣ ಬೆಳ್ಳಿಯಲ್ಲಿ ಬರಬೇಕಿತ್ತು. ಮೂರನೇ ನೆಪೋಲಿಯನ್ನನ ತಲೆ ಇದ್ದ ಬೆಳ್ಳಿ ಮುಂಬಯಿ ಟಂಕಸಾಲೆಯಲ್ಲಿ ರಾಣಿ ವಿಕ್ಟೋರಿಯಾಳ ತಲೆ ಹೊತ್ತು ಹುಬ್ಬಳ್ಳಿಯ ಪೇಟೆಯವರೆಗೂ ಬಂದಿದ್ದರೆ ಆಶ್ಚರ್ಯವಿಲ್ಲ.

ಫ್ರಾನ್ಸಿನಲ್ಲಿ ಮಾತ್ರ ಚಿಲ್ಲರೆಗೆ ಬರ. 5 ಫ್ರಾಂಕಿನಷ್ಟು ಸಣ್ಣ ಬೆಲೆಗೂ ಚಿನ್ನದ ನಾಣ್ಯ ಟಂಕಿಸಬೇಕಾಗಿ ಬಂದದ್ದರ ಹಿಂದೆ ಇದೇ ಕಾರಣ. ಕೊನೆಗೆ 1864ರಲ್ಲಿ 50 ಮತ್ತು 20 ಸಾಂತೀಮಿನ ಬೆಳ್ಳಿಯನ್ನು 900ರಿಂದ 835ಕ್ಕೆ ಇಳಿಸಿದರು. ಕರಗಿಸಿದರೆ ನಷ್ಟವಾಗಬೇಕು, ಆಗ ಯಾರೂ ಕರಗಿಸುವುದಿಲ್ಲ. 1865ರ ಡಿಸೆಂಬರಿನಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಜರ್ಲೆಂಡ್ ಸೇರಿ, ಎಲ್ಲರ ನಾಣ್ಯವೂ ಒಂದೇ ಅಳತೆಯಲ್ಲಿರಲಿ ಅಂತ, ಲ್ಯಾಟಿನ್ ನಾಣ್ಯ ಒಕ್ಕೂಟ ಕಟ್ಟಿದವು. ಆಮೇಲೆ 1866ರಿಂದ 1 ಮತ್ತು 2 ಫ್ರಾಂಕ್ ಕೂಡ 835 ಆಯಿತು. 5 ಫ್ರಾಂಕ್ ಮಾತ್ರ ಕೊನೆಯವರೆಗೂ 900.

ಇದರಿಂದ ಕೊಳ್ಳುವವರಿಗೆ ಆಗುವ ಉಪಯೋಗ ಇಷ್ಟು. ಬರಿತಲೆ ಇರುವ ಬೆಳ್ಳಿಯೆಲ್ಲ 900. ಮಾಲೆಯ ತಲೆಯ ಚಿಲ್ಲರೆ 835. ತೂಕ ಎರಡರದ್ದೂ ಒಂದೇ. 5 ಫ್ರಾಂಕ್ ಬೆಳ್ಳಿಯಲ್ಲಿ 1861ರಿಂದ 1866ರವರೆಗಿನದು ಬಹಳ ಕಡಿಮೆ, ಕಾರಣ ಆಗ ಟಂಕಸಾಲೆಗೆ ಬೆಳ್ಳಿ ತರುವವರೇ ಇರಲಿಲ್ಲ. ಅಮೆರಿಕದ ಯುದ್ಧ ಮುಗಿದು ಬೆಳ್ಳಿ ಮತ್ತೆ ಅಗ್ಗವಾದ ಮೇಲೆ, 1867ರಿಂದ 1870ರವರೆಗೆ, ಯಂತ್ರಗಳು ಬಿಡುವಿಲ್ಲದೆ ಓಡಿದವು. ಹಾಗಾಗಿ 1868ರ 5 ಫ್ರಾಂಕನ್ನು 'ಅಪರೂಪ' ಅಂದರೆ ನಕ್ಕು ಮುಂದೆ ಹೋಗಿ. 1864ರದ್ದು ಅಂದರೆ ಮಾತ್ರ ಭೂತಗನ್ನಡಿ ಹಿಡಿದು ಆ ಕೊನೆಯ ಅಂಕಿಯನ್ನು ಯಾರಾದರೂ ಕೆರೆದಿದ್ದಾರೆಯೇ ನೋಡಿ.

5. ಊರಿನ ಅಕ್ಷರ, ಸಣ್ಣ ಗುರುತುಗಳು

ನಾಣ್ಯದ ಕೆಳಭಾಗದಲ್ಲಿ, ಮುಂದೆ ಹಿಂದೆ ಎರಡೂ ಕಡೆ ಹುಡುಕಿ. ರೋಮನ್ 'ಎ' ಇದ್ದರೆ ಪ್ಯಾರಿಸ್. ಎರಡು 'ಬಿ' ಜೊತೆಗಿದ್ದರೆ ಸ್ಟ್ರಾಸ್‌ಬರ್ಗ್. 'ಡಿ' ಲಿಯೋನ್, 'ಕೆ' ಬೋರ್ಡೋ. ಮಾರ್ಸೇಯ್, ಲೀಲ್, ರೂಆಂ ಊರಿನ ಅಕ್ಷರಗಳು ಹೆಚ್ಚಾಗಿ ಕಂಚಿನ ಚಿಲ್ಲರೆಯಲ್ಲಿ ಸಿಗುತ್ತವೆ, ಅವು ಇಲ್ಲಿ ನಮಗೆ ಬೇಡ. ಎರಡು 'ಬಿ' ಇರುವ ನಾಣ್ಯ 1870ಕ್ಕೆ ನಿಲ್ಲುತ್ತದೆ. ಯುದ್ಧದಲ್ಲಿ ಸೋತ ಮೇಲೆ ಸ್ಟ್ರಾಸ್‌ಬರ್ಗ್ ಊರೇ ಜರ್ಮನಿಗೆ ಹೋಯಿತು.

ಅಕ್ಷರದ ಜೊತೆ ಅಕ್ಕಿಕಾಳಿಗಿಂತ ಚಿಕ್ಕ ಚಿತ್ರಗಳಿವೆ. ಒಂದು ಕೆತ್ತನೆಗಾರನ ಗುರುತು, ಇನ್ನೊಂದು ಟಂಕಸಾಲೆ ನಡೆಸುವವನದು. ತಂದೆ ಬಾರ್ ಇದ್ದಷ್ಟು ದಿನ ಬೇಟೆನಾಯಿಯ ತಲೆ, ಮಗ ಬಂದ ಮೇಲೆ ಲಂಗರು. ಪ್ಯಾರಿಸ್ಸಿನಲ್ಲಿ 1860ರವರೆಗೆ ಕೈ, ಆಮೇಲೆ ಜೇನುನೊಣ. 1854ರ ಪ್ಯಾರಿಸ್ ನಾಣ್ಯದಲ್ಲಿ ಜೇನುನೊಣ ಕಂಡರೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ನಕಲಿ ಮಾಡುವವರು ಮುಖವನ್ನು ಚೆನ್ನಾಗಿ ಮಾಡುತ್ತಾರೆ, ಈ ಚಿತ್ರಗಳ ಬಳಿ ಸೋಮಾರಿಗಳಾಗುತ್ತಾರೆ. ಅಸಲಿಯಲ್ಲಿ ಜೇನುನೊಣಕ್ಕೆ ರೆಕ್ಕೆ ಕಾಣುತ್ತದೆ. ನಕಲಿಯಲ್ಲಿ ಹಲವು ಸಲ ಒಂದು ಗುಳ್ಳೆ.

6. ಅಸಲಿಯೇ?

ಅಂಚಿನಿಂದ ಶುರು ಮಾಡಿ. 20 ಮತ್ತು 100 ಫ್ರಾಂಕ್ ಚಿನ್ನದಲ್ಲಿ, 5 ಫ್ರಾಂಕ್ ಬೆಳ್ಳಿಯಲ್ಲಿ ಅಂಚಿನ ಸುತ್ತ 'ದೇವರು ಫ್ರಾನ್ಸನ್ನು ಕಾಯುತ್ತಾನೆ' ಎಂಬ ಅರ್ಥದ ಫ್ರೆಂಚ್ ಬರಹ ಉಬ್ಬು ಅಕ್ಷರದಲ್ಲಿರಬೇಕು. ಅಂಚು ಬೋಳಾಗಿದ್ದರೆ, ಅಥವಾ ಬರೀ ಗೀರುಗಳಿದ್ದರೆ, ಅಲ್ಲಿಗೇ ಮುಗಿಯಿತು. ಅಂಚಿನ ಉದ್ದಕ್ಕೆ ಒಂದು ಸಣ್ಣ ಜೋಡುಗೆರೆ ಓಡಿದ್ದರೆ ಅದು ಎರಕ ಹೊಯ್ದ ನಕಲಿ. ಹಾಗೆಯೇ ಅಂಚಿನಲ್ಲಿ ಒಂದು ಜಾಗ ಉಬ್ಬಿಕೊಂಡು, ಬಣ್ಣ ಬೇರೆಯಾಗಿ, ಅಕ್ಷರ ಕರಗಿದಂತಿದ್ದರೆ ಅಲ್ಲಿ ಕೊಂಡಿ ಬೆಸೆದಿದ್ದರು. ಕಾಸಿನ ಸರ ನೋಡಿದ ನಮಗೆ ಇದು ಹೊಸದಲ್ಲ. ಫ್ರಾನ್ಸಿನಲ್ಲೂ ಈ ನಾಣ್ಯಗಳನ್ನು ಪದಕ, ಗುಂಡಿ ಮಾಡಿಕೊಳ್ಳುತ್ತಿದ್ದರು. ಲೋಹ ಅಸಲಿಯೇ, ಆದರೆ ಸಂಗ್ರಹದ ಬೆಲೆ ಇಲ್ಲ. ಲೋಹದ ಬೆಲೆ ಮಾತ್ರ ಕೊಡಿ.

ಆಮೇಲೆ ನೀರಿನ ಪರೀಕ್ಷೆ. ಲೋಟದಲ್ಲಿ ಮುಕ್ಕಾಲು ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ಬದಿಗೂ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. 20 ಫ್ರಾಂಕಿಗೆ 0.37 ಅಥವಾ 0.38 ಗ್ರಾಂ ಬರಬೇಕು. 100 ಫ್ರಾಂಕಿಗೆ ಸುಮಾರು 1.87. ಬೆಳ್ಳಿ 5 ಫ್ರಾಂಕಿಗೆ ಸುಮಾರು 2.42. ಹಿತ್ತಾಳೆಗೆ ಚಿನ್ನದ ನೀರು ಹಾಕಿದ್ದರೆ ಅಂಕಿ ಎರಡು ಪಟ್ಟು ಹತ್ತಿರ ಹೋಗುತ್ತದೆ ಅಥವಾ ಒಣ ತೂಕವೇ ತೀರ ಕಮ್ಮಿ ಇರುತ್ತದೆ. 5 ಫ್ರಾಂಕ್ ಚಿನ್ನಕ್ಕೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಅದು ಸರಿಸುವ ನೀರು 0.09 ಗ್ರಾಂ, ಇಂಥ ತಕ್ಕಡಿಗೆ ಅಷ್ಟು ಸೂಕ್ಷ್ಮ ತಿಳಿಯುವುದಿಲ್ಲ.

ಒಂದು ವಿಚಿತ್ರ ಜಾತಿಯ ನಕಲಿಗೆ ಈ ಪರೀಕ್ಷೆಯೂ ಸೋಲಬಹುದು. ಆ ಕಾಲದಲ್ಲಿ ಪ್ಲಾಟಿನಂ ಚಿನ್ನಕ್ಕಿಂತ ಬಹಳ ಅಗ್ಗ. ಕಳ್ಳರು ಪ್ಲಾಟಿನಂನಲ್ಲಿ 20 ಫ್ರಾಂಕ್ ಟಂಕಿಸಿ ಮೇಲೆ ಚಿನ್ನ ಬಳಿದು ಸಾಗಿಸಿದರು. ತಾಮ್ರ ಬೆರೆಸಿ ಹದ ಮಾಡಿದರೆ ಸಾಂದ್ರತೆಯೂ ಚಿನ್ನದ ಹತ್ತಿರಕ್ಕೇ ಬರುತ್ತದೆ. ಸವೆದ ಕಡೆ, ಅಂದರೆ ಕೂದಲಿನ ಉಬ್ಬು, ಕೆನ್ನೆ, ಅಂಚು, ಇಲ್ಲೆಲ್ಲ ಬೂದುಬಿಳಿ ಇಣುಕಿದರೆ ಅನುಮಾನ ಪಡಿ. ತಮಾಷೆ ಏನೆಂದರೆ ಅಂಥ ನಕಲಿಯನ್ನೇ ಹುಡುಕಿಕೊಂಡು ಕೊಳ್ಳುವ ಸಂಗ್ರಾಹಕರು ಈಗ ಇದ್ದಾರೆ.

ಅನುಮಾನ ಹೋಗದಿದ್ದರೆ ಕ್ಯಾರಟ್ ಮೀಟರ್ ಇರುವ ಚಿನ್ನದ ಅಂಗಡಿಗೆ ಒಯ್ಯಿರಿ. ಯಂತ್ರದಲ್ಲಿ 90ರ ಆಸುಪಾಸು ಬರಬೇಕು. 91.6 ಬಂದರೆ ಖುಷಿ ಪಡಬೇಡಿ. ಅದು ಯಾರೋ ಒಡವೆ ಚಿನ್ನದಲ್ಲಿ ಮಾಡಿದ ನಾಣ್ಯ ಇರಬಹುದು. ಮುಖ್ಯವಾಗಿ, ಅಕ್ಕಸಾಲಿಗೆ ಮೊದಲೇ ಹೇಳಿಬಿಡಿ: ಒರೆಗಲ್ಲಿಗೆ ಉಜ್ಜಬೇಡಿ, ಅಂಚು ಕೆರೆಯಬೇಡಿ ಅಂತ. ಅವರಿಗೆ ಅದು ಚಿನ್ನ, ನಿಮಗೆ ನಾಣ್ಯ.

7. ಏನು ಕೊಳ್ಳಬೇಕು, ಎಷ್ಟು ಕೊಡಬೇಕು?

ನನ್ನ ಸಲಹೆ ಬೆಳ್ಳಿಯಿಂದ ಶುರು ಮಾಡಿ ಅಂತ. 1867ರಿಂದ 1870ರ ನಡುವಿನ ಒಂದು 5 ಫ್ರಾಂಕ್ ತಗೊಳ್ಳಿ. ದೊಡ್ಡದು, ಕೆತ್ತನೆ ಚೆನ್ನಾಗಿ ಕಾಣುತ್ತದೆ, ಭೂತಗನ್ನಡಿ ಹಿಡಿಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆಮೇಲೆ 1 ಫ್ರಾಂಕಿನ ಜೋಡಿ: 1850ರ ದಶಕದ ಬರಿತಲೆ ಒಂದು, 1866ರ ನಂತರದ ಮಾಲೆಯದ್ದು ಒಂದು. ಮೇಲೆ ಹೇಳಿದ ಕಥೆಯೆಲ್ಲ ಆ ಎರಡರಲ್ಲೇ ಇದೆ. ಬರಿತಲೆಯ 2 ಫ್ರಾಂಕ್ ನಿಜವಾಗಿಯೂ ಕಷ್ಟದ್ದು, ಅದನ್ನು ಸದ್ಯಕ್ಕೆ ಮರೆತುಬಿಡಿ. ಚಿನ್ನದಲ್ಲಿ 20 ಫ್ರಾಂಕ್ ಎರಡು ಬಗೆಯದು ಒಂದೊಂದು ಸಾಕು. 50 ಮತ್ತು 100 ಫ್ರಾಂಕ್ ದುಡ್ಡಿದ್ದವರ ಆಟ.

ಮಾಮೂಲಿ 20 ಫ್ರಾಂಕಿಗೆ ಬೆಲೆ ಕಟ್ಟುವುದು ಸುಲಭ. ಆ ದಿನ 24 ಕ್ಯಾರಟ್ಟಿನ ಒಂದು ಗ್ರಾಂಗೆ ಇರುವ ದರವನ್ನು 5.81ರಿಂದ ಗುಣಿಸಿ. ಅದರ ಮೇಲೆ ಸ್ವಲ್ಪ ಲಾಭ ಕೇಳುವುದು ನ್ಯಾಯ. ಅರ್ಧದಷ್ಟು ಜಾಸ್ತಿ ಕೇಳಿದರೆ ಯಾವ ಇಸವಿ, ಯಾವ ಅಕ್ಷರ, ಯಾಕೆ ಅಪರೂಪ ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಯುರೋಪಿನಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಯುರೋಪಿಯನ್ ಯೂನಿಯನ್ ದೇಶಗಳಲ್ಲಿ 1800ರ ನಂತರದ, 900 ಅಥವಾ ಮೇಲಿನ ಶುದ್ಧತೆಯ ಇಂಥ ನಾಣ್ಯ ಹೂಡಿಕೆ ಚಿನ್ನ ಎಂದೇ ಲೆಕ್ಕ, ವ್ಯಾಟ್ ಇಲ್ಲ. ಬೆಳ್ಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

8. ತೊಳೆಯಬೇಡಿ

ಹುಣಸೆಹಣ್ಣು ಬೇಡ, ವಿಭೂತಿ ಬೇಡ, ಟೂತ್‌ಪೇಸ್ಟ್ ಬೇಡವೇ ಬೇಡ. ದೇವರ ಮನೆಯ ಬೆಳ್ಳಿ ಬೆಳಗುವ ಕೈಗೆ ಕಪ್ಪಾದ ನಾಣ್ಯ ಕಂಡರೆ ತುರಿಕೆ ಶುರುವಾಗುತ್ತದೆ, ಗೊತ್ತು. ಆದರೆ ಆ ಕಪ್ಪು-ನೀಲಿ ಛಾಯೆಗೇ ಸಂಗ್ರಾಹಕರು ಹಣ ಕೊಡುವುದು. ಉಜ್ಜಿದ ನಾಣ್ಯದ ಮೇಲೆ ಕೂದಲೆಳೆಯಂಥ ಗೀರು ಬೀಳುತ್ತವೆ, ಅವು ಮತ್ತೆ ಹೋಗುವುದಿಲ್ಲ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ. ಮೆತ್ತನೆ ಪಿವಿಸಿ ಕವರಿನಲ್ಲಿ ಇಟ್ಟರೆ ವರ್ಷ ಕಳೆದಂತೆ ಹಸಿರು ಜಿಡ್ಡು ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಅಥವಾ ನಾಣ್ಯಕ್ಕೆಂದೇ ಸಿಗುವ ಕಾಗದದ ಚೌಕಟ್ಟು ಒಳ್ಳೆಯದು. ಕರಾವಳಿಯವರು ಜೊತೆಗೆ ತೇವ ಹೀರುವ ಸಿಲಿಕಾ ಚೀಲವನ್ನೂ ಇಡಿ.

9. ಊರಿಗೆ ತರುವ ಮೊದಲು

ವಿದೇಶದಿಂದ ಬರುವವರಿಗೆ ಒಡವೆಗೆ ಸಿಗುವ ಸುಂಕ ವಿನಾಯಿತಿ ಚಿನ್ನದ ನಾಣ್ಯಕ್ಕೆ ಸಿಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಘೋಷಿಸಿ, ಸುಂಕ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಇನ್ನೊಂದು ವಿಷಯ ಹಲವರು ಯೋಚಿಸುವುದೇ ಇಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮೂರನೇ ನೆಪೋಲಿಯನ್ನನ ನಾಣ್ಯ ಎಲ್ಲವೂ ನೂರು ದಾಟಿದೆ. ಆದ್ದರಿಂದ ಯುರೋಪಿನಲ್ಲೇ ಮತ್ತೆ ಮಾರುವ ಯೋಚನೆ ಇದ್ದರೆ ಇಲ್ಲಿಗೆ ತರದೇ ಇರುವುದು ವಾಸಿ. ತಂದೇ ತರುತ್ತೀರಾದರೆ ಕೊಂಡ ಬಿಲ್ಲು, ಸುಂಕದ ರಸೀದಿ, ನಾಣ್ಯದ ಎರಡೂ ಬದಿಯ ಮತ್ತು ಅಂಚಿನ ಫೋಟೋ, ನೀವೇ ತೂಗಿದ ತೂಕ, ಇಷ್ಟನ್ನೂ ಒಂದೇ ಲಕೋಟೆಯಲ್ಲಿ ಹಾಕಿಡಿ. ಲಕೋಟೆ ಎಲ್ಲಿದೆ ಅಂತ ಮನೆಯವರಿಗೂ ಹೇಳಿಡಿ.